ಅಟ್ರಾಕ್ಟಾ ಎತ್ತಿದ ಬಾವುಟ

ನಮ್ಮ ಕಿಲ್‌ಕರ್ರಾದಲ್ಲಿ ರಗ್ಬಿ ಆಡಲು ಕಲಿತ ಮಕ್ಕಳೆಲ್ಲ ಅಟ್ರಾಕ್ಟಾ ಗೆರಾಟಿಯ ಬೈಗುಳ ತಿಂದೇ ಬೆಳೆದವರು. ಗುರುವಾರ ದನದ ಸಂತೆಯ ಕ್ಯಾಂಟೀನಿನಲ್ಲಿ ಊಟ ಬಡಿಸುವುದು, ಉಳಿದ ದಿನ ಶಾಲೆಯ ಅಡುಗೆಮನೆ, ಭಾನುವಾರ ಬೆಳಿಗ್ಗೆ ಮೈದಾನ. ಅರವತ್ತೆರಡು ದಾಟಿದರೂ ಅವಳ ವಾರ ಇಷ್ಟೇ. ಮಗು ಅತ್ತರೆ ಮೂಗು ಒರೆಸಿ ಮತ್ತೆ ಆಟಕ್ಕೆ ನೂಕುತ್ತಾಳೆ. ತಾಯಿ ಅತ್ತರೆ ಕಾರಿನಲ್ಲಿ ಹೋಗಿ ಕೂರು ಅನ್ನುತ್ತಾಳೆ. ಕ್ಲಬ್ಬಿನ ಕಾರ್ಯದರ್ಶಿಯಾದ ನನ್ನನ್ನೂ ಅವಳು ಮಗುವಿನ ಲೆಕ್ಕದಲ್ಲೇ ಇಟ್ಟಿದ್ದಾಳೆ.

ಅವಳ ಕೈಯಲ್ಲಿ ಪಳಗಿದವರಲ್ಲಿ ಸೈವ್ ಟಾರ್ಪಿಯಂಥ ಹುಡುಗಿ ಇನ್ನೊಬ್ಬಳಿಲ್ಲ. ಹನ್ನೆರಡು ವರ್ಷ, ಮೊಣಕಾಲ ತುಂಬ ಗಾಯ, ಚೆಂಡು ಕೈಗೆ ಸಿಕ್ಕರೆ ಮೂರು ಹುಡುಗರನ್ನು ಎಳೆದುಕೊಂಡೇ ಓಡುವವಳು. ಕಳೆದ ಬೇಸಿಗೆಯಲ್ಲಿ ಕನಾಕ್ಟ್ ಪ್ರಾಂತ್ಯದ ತಂಡಕ್ಕಾಗಿ ಎಳೆಯರನ್ನು ಹುಡುಕುತ್ತ ಬಂದಿದ್ದ ಅಧಿಕಾರಿಯೊಬ್ಬ ಅವಳ ಆಟ ನೋಡಿ ಅಟ್ರಾಕ್ಟಾಳನ್ನು ಪಕ್ಕಕ್ಕೆ ಕರೆದ.

"ಈ ಹುಡುಗಿ ಒಂದಿನ ಪ್ರಾಂತ್ಯಕ್ಕೆ ಆಡ್ತಾಳೆ, ಬರೆದಿಟ್ಕೊಳ್ಳಿ. ಆದ್ರೆ ವಾರವಾರ ಪಂದ್ಯ ಬೇಕು. ಮುಂದಿನ ವರ್ಷ ಎಲ್ಲಿ ಆಡ್ತಾಳೆ?"

ಅಟ್ರಾಕ್ಟಾಳಿಗೂ ಅದೇ ಚಿಂತೆ. ಹನ್ನೆರಡು ತುಂಬಿದ ಮೇಲೆ ಹುಡುಗಿಯರು ಹುಡುಗರ ಜೊತೆ ಆಡುವಂತಿಲ್ಲ, ಅವರದೇ ತಂಡ ಬೇಕು. ನಮ್ಮಲ್ಲಿದ್ದವರು ಒಂಬತ್ತೇ ಜನ, ಒಂದು ತಂಡಕ್ಕೆ ಅದು ಸಾಲದು. ಸೆಪ್ಟೆಂಬರಿನೊಳಗೆ ತಂಡ ಆಗದಿದ್ದರೆ ಸೈವ್ ಸೇರಿ ಒಂಬತ್ತೂ ಜನ ಮನೆಗೆ. ಹಿಂದೆ ಎರಡು ಸಲ ಹೀಗೇ ಆಗಿತ್ತು. ಬೂಟು ಕಳಚಿಟ್ಟ ಒಳ್ಳೊಳ್ಳೆಯ ಹುಡುಗಿಯರು ಮತ್ತೆ ಅದನ್ನು ಹಾಕಲೇ ಇಲ್ಲ. ಅವರ ಹೆಸರು ಎತ್ತಿದರೆ ಅಟ್ರಾಕ್ಟಾ ಇವತ್ತಿಗೂ ಮಾತು ಬದಲಾಯಿಸುತ್ತಾಳೆ.

ಏಳು ಮೈಲಿ ಆಚೆ ರಾತ್‌ಡೂನಿನಲ್ಲಿ ಇನ್ನೆಂಟು ಹುಡುಗಿಯರಿದ್ದರು. ತೊಡಕಿದ್ದದ್ದೇ ಅಲ್ಲಿ. ತೊಂಬತ್ತಮೂರರ ಕಪ್ ಫೈನಲ್ ಆದಮೇಲೆ ರಾತ್‌ಡೂನಿಗೂ ನಮಗೂ ಎಣ್ಣೆ ಸೀಗೆಕಾಯಿ. ಅವತ್ತು ಕೊನೆಯ ನಿಮಿಷದಲ್ಲಿ ಅವರ ಜಾರ್ಲಾತ್ ಕಾಂಕ್ಯಾನನ್ ಮೈದಾನದ ಅಂಚಿನಲ್ಲೇ ಓಡಿಹೋಗಿ ಚೆಂಡನ್ನು ನೆಲಕ್ಕೊತ್ತಿ ಅಂಕ ಗಳಿಸಿದ. ಅಂಥ ಪಂದ್ಯಗಳಲ್ಲಿ ಅಂಚಿನಲ್ಲಿ ಬಾವುಟ ಹಿಡಿಯಲು ಎರಡೂ ಕ್ಲಬ್ಬಿನವರು ತಮ್ಮತಮ್ಮ ಕಡೆಯ ಒಬ್ಬೊಬ್ಬರನ್ನು ಕೊಡುವುದು ವಾಡಿಕೆ. ಆ ಬದಿಯಲ್ಲಿ ನಮ್ಮ ಅಟ್ರಾಕ್ಟಾ ಇದ್ದಳು. ಓಡುವಾಗ ಅವನ ಕಾಲು ಗೆರೆಯ ಹೊರಗೆ ಬಿತ್ತು ಎಂದು ಬಾವುಟ ಎತ್ತಿದಳು. ಅವನ ಅಂಕ ಹೋಯಿತು, ಕಪ್ ನಮಗೆ ಬಂತು. ಪ್ರತಿ ಕ್ರಿಸ್‌ಮಸ್ಸಿಗೆ ಅದನ್ನು ಉಜ್ಜಿ ಫಳಫಳ ಮಾಡುವವನು ನಾನೇ.

ಜಾರ್ಲಾತ್ ಈಗ ಅವರ ಕ್ಲಬ್ಬಿನ ಅಧ್ಯಕ್ಷ. ಗುರುವಾರ ಸಂತೆಗೆ ತಪ್ಪದೆ ಬರುತ್ತಾನೆ, ಕ್ಯಾಂಟೀನಿನಲ್ಲೇ ಉಣ್ಣುತ್ತಾನೆ. ಆದರೆ ಅಟ್ರಾಕ್ಟಾಳ ಕೈಯಿಂದ ತಟ್ಟೆ ತೆಗೆದುಕೊಳ್ಳುವುದಿಲ್ಲ. ಸಾಲು ಎಷ್ಟೇ ಉದ್ದವಿರಲಿ, ಅವಳ ಸಹಾಯಕಿಯ ಮುಂದೆಯೇ ನಿಲ್ಲುತ್ತಾನೆ. ಮೂವತ್ತು ವರ್ಷ! ಆ ಸಂತೆಗೆ ಬರುವ ಹೋರಿಗಳಿಗೂ ಅಷ್ಟು ಹಟ ಇರಲಾರದು.

ಆಗಸ್ಟಿನ ಒಂದು ಗುರುವಾರ ಅವಳೇ ಬೇಕನ್, ಎಲೆಕೋಸು, ಆಲೂಗಡ್ಡೆ ಬಡಿಸಿಕೊಂಡು ಹೋಗಿ ತಟ್ಟೆಯನ್ನು ಅವನ ಮುಂದಿಟ್ಟಳು. ನಾನು ಪಕ್ಕದ ಮೇಜಿನಲ್ಲಿದ್ದೆ.

"ನಿನ್ ಹತ್ರ ಎಂಟು ಹುಡುಗೀರಿದಾರೆ, ನನ್ ಹತ್ರ ಒಂಬತ್ತು. ಸೇರಿಸೋಣ," ಅಂದಳು.

ಜಾರ್ಲಾತ್ ತಟ್ಟೆಯ ಕಡೆ ನೋಡಿದ, ಅವಳ ಕಡೆ ನೋಡಲಿಲ್ಲ. "ಸೇರಿಸ್ಬೋದು. ಅದಕ್ಕೆ ಮುಂಚೆ ಒಂದ್ ಮಾತು ಹೇಳ್ಬಿಡು. ಅವತ್ತು ನನ್ ಕಾಲು ಒಳಗಿತ್ತೋ, ಹೊರಗಿತ್ತೋ?"

ಸುತ್ತಲಿನವರೆಲ್ಲ ಈ ಕಡೆ ತಿರುಗಿದರು. ಅರ್ಧ ಜನ ನಮ್ಮವರು, ಅರ್ಧ ರಾತ್‌ಡೂನಿನವರು. ಹೊರಗಿತ್ತು ಅಂದರೆ ಹುಡುಗಿಯರು ಹೋದರು, ಒಳಗಿತ್ತು ಅಂದರೆ ನಮ್ಮ ಕಪ್ಪಿನ ಮಾನ ಹೋಯಿತು.

"ನಾನು ನೋಡ್ಲೇ ಇಲ್ಲ ಜಾರ್ಲಾತ್," ಅಂದಳು ಅಟ್ರಾಕ್ಟಾ. "ನನ್ ಮಗ ಗೆರೆ ಪಕ್ಕ ಕೂತು ಮಣ್ಣು ತಿಂತಿದ್ದ. ಅವನ ಬಾಯಿಗೆ ಬೆರಳು ಹಾಕಿ ತೆಗೀತಿದ್ದೆ. ನಮ್ಮೋರು ಹೊರಗೆ, ಹೊರಗೆ ಅಂತ ಕೂಗಿದ್ರು, ಎತ್ತಿಬಿಟ್ಟೆ. ತಪ್ಪು ನಂದೇ."

"ಮೊದಲು ಕೂಗಿದ್ದು ಯಾರು?"

"ನೆನಪಿಲ್ಲ."

ಜಾರ್ಲಾತ್ ಫೋರ್ಕ್ ಕೆಳಗಿಟ್ಟ. ಗೆದ್ದವನ ಮುಖವಾಗಿರಲಿಲ್ಲ ಅದು. "ಅಯ್ಯೋ ಮಾರಾಯ್ತಿ, ನಂಗೂ ಗೊತ್ತಿಲ್ಲ ಕಣೇ! ತಲೆ ಎತ್ಕೊಂಡು ಓಡ್ತಿದ್ದೆ, ಕಾಲು ಯಾರು ನೋಡ್ತಾರೆ? ನೀನೊಬ್ಳಾದ್ರೂ ನೋಡಿರ್ತೀಯ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ."

ಮೊದಲು ನಕ್ಕವಳು ಅವಳು. ಆಮೇಲೆ ಅವನೂ ಕೆಮ್ಮು ಬರುವಷ್ಟು ನಕ್ಕ. "ಮಂಗಳವಾರ ಆರು ಗಂಟೆಗೆ ಬರ್ತೀವಿ. ನಿಮ್ ಮೈದಾನ ಬರೀ ಕೆಸರು, ಆದ್ರೂ ಬರ್ತೀವಿ," ಅಂದವನು ಒಂದು ತುತ್ತು ಬಾಯಿಗಿಟ್ಟು, "ಆಲೂಗಡ್ಡೆ ಬೆಂದಿಲ್ಲ," ಅಂದ.

"ಮೂವತ್ತು ವರ್ಷ ಪಕ್ಕದ ಸಾಲಲ್ಲಿ ನಿಂತೋನಿಗೆ ಅಷ್ಟೇ ಸಿಗೋದು. ತಿನ್ನು."

ನಮ್ಮೂರಿನ ಹಳೆಯ ಆಟಗಾರರು ಅವಳ ಮೇಲೆ ಕೆಂಡ ಕಾರಿದರು. ಊಟದ ಜೊತೆ ನಮ್ಮ ಕಪ್ಪನ್ನೂ ಬಡಿಸಿಬಿಟ್ಟಳು ಎಂದು ಪಬ್ಬಿನಲ್ಲೆಲ್ಲ ಆಡಿಕೊಂಡರು. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. "ಹದಿನೇಳು ಹುಡುಗೀರಿಗೆ ಒಂದು ಕಪ್ಪು ಯಾವ ಲೆಕ್ಕ? ಕೇಳಿದ್ರೆ ಅದನ್ನಿಟ್ಟ ಬೀರೂನೂ ಕೊಡ್ತಿದ್ದೆ," ಅಂದಳು.

ಮಂಗಳವಾರ ಹದಿನೇಳೂ ಜನ ಬಂದರು. ಮೊದಲ ಹತ್ತು ನಿಮಿಷ ಎರಡು ಗುಂಪಾಗಿ ಉಗುರು ಕಚ್ಚುತ್ತ ನಿಂತಿದ್ದರು. ಆಮೇಲೆ ಸೈವ್ ರಾತ್‌ಡೂನಿನ ಒಬ್ಬಳನ್ನು ಕೆಸರಿಗೆ ಕೆಡವಿ, ತಾನೇ ಕೈಕೊಟ್ಟು ಎಬ್ಬಿಸಿದಳು. ಮರುಕ್ಷಣ ಆ ಹುಡುಗಿ ಸೈವ್‌ಳನ್ನು ಕೆಡವಿದಳು. ಅಲ್ಲಿಗೆ ಮುಗಿಯಿತು, ಯಾರು ಯಾವ ಊರಿನವರು ಎಂದು ಗುರುತು ಸಿಗದಷ್ಟು ಎಲ್ಲರೂ ಕೆಸರಾಗಿದ್ದರು. ನನಗಂತೂ ಕಣ್ಣು ತುಂಬಿಬಂತು, ಮುಚ್ಚಿಡುವುದೇನಿದೆ.

ಕಳೆದ ತಿಂಗಳು ಸೈವ್‌ಗೂ ಆ ಹುಡುಗಿಗೂ ಪ್ರಾಂತ್ಯದ ಎಳೆಯರ ಅಭ್ಯಾಸಕ್ಕೆ ಗಾಲ್ವೇ ನಗರದಿಂದ ಕರೆ ಬಂದಿದೆ. ಜಾರ್ಲಾತ್ ಕಾರು ಓಡಿಸುತ್ತಾನೆ, ಅಟ್ರಾಕ್ಟಾ ಪಕ್ಕದಲ್ಲಿ ಕೂತು ಯಾವ ದಾರಿಯಲ್ಲಿ ಹೋಗಬೇಕೆಂದು ಜಗಳ ತೆಗೆಯುತ್ತಾಳೆ. ಹಿಂದೆ ಕೂತ ಹುಡುಗಿಯರು ನಿದ್ದೆ ಹೊಡೆಯುತ್ತಾರೆ.

ಆ ಫೈನಲ್‌ನಲ್ಲಿ ಹೊರಗೆ, ಹೊರಗೆ ಎಂದು ಮೊದಲು ಕೂಗಿದವನು ನಾನು. ಅವಳಿಂದ ನಾಲ್ಕೇ ಹೆಜ್ಜೆ ದೂರ ನಿಂತಿದ್ದೆ. ನನಗೂ ಏನೂ ಕಂಡಿರಲಿಲ್ಲ. ಗೆಲ್ಲಬೇಕಿತ್ತು, ಕೂಗಿದೆ. ಅಟ್ರಾಕ್ಟಾಗೆ ಇದು ಚೆನ್ನಾಗಿ ಗೊತ್ತು. ಕ್ಯಾಂಟೀನಿನಲ್ಲಿ ನೆನಪಿಲ್ಲ ಅನ್ನುವಾಗ ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಆಮೇಲೆ ಒಂದು ದಿನವೂ ಆ ಮಾತೆತ್ತಲಿಲ್ಲ. ನೆನೆದರೆ ನಾಚಿಕೆಯಾಗುತ್ತದೆ. ಜಾರ್ಲಾತ್‌ಗೆ ಹೇಳಿಯೇ ಹೇಳುತ್ತೇನೆ. ಹುಡುಗಿಯರ ಈ ವರ್ಷದ ಪಂದ್ಯಗಳು ಮುಗಿಯಲಿ.