ಬುತ್ತಿ ತೀರುವ ಹೊತ್ತು

ಗಾಜಿನ ತೊಟ್ಟಿಯೊಳಗೆ ಗೋಲಿಗಳು ಉರುಳುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಹುಮನಾಬಾದಿನ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಜೀಬ್ರಾ ಮೀನುಗಳು ತಾವಿಟ್ಟ ಮೊಟ್ಟೆಯನ್ನು ತಾವೇ ತಿಂದುಬಿಡುತ್ತಿದ್ದವು. ಮೊಟ್ಟೆ ಸಂದಿಗಿಳಿದು ಉಳಿಯಲೆಂದು ಲ್ಯಾಬಿನ ಅಕ್ಕ ದಿನವೂ ಗೋಲಿ ತೊಳೆದು ತಳಕ್ಕೆ ಸುರಿಯುತ್ತಿದ್ದಳು. ಆಕೆ ಚಿಟಗುಪ್ಪದಿಂದ ಮೊದಲ ಬಸ್ಸಿಗೆ ಬರುವವಳು. ನಾನು ಬಸವಕಲ್ಯಾಣದಿಂದ ಬಂದು ಮುಟ್ಟುವಷ್ಟರಲ್ಲಿ ಆಕೆಯ ಕೈ ಮೊಣಕೈತನಕ ಒದ್ದೆ.

ಒಂದು ಕೋಶ ಎರಡಾಗಿ, ನಾಲ್ಕಾಗಿ, ಎಂಟಾಗುವುದನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿ ನಾನು ಪಾಠ ಹೇಳುತ್ತಿದ್ದೆ. ಮೊದಲ ಮೂರು ತಾಸು ಭ್ರೂಣದ ಜೀನ್‌ಗಳು ಹೆಚ್ಚುಕಡಿಮೆ ಮಲಗಿಯೇ ಇರುತ್ತವೆ, ತಾಯಿ ಮೊಟ್ಟೆಯೊಳಗೆ ಇಟ್ಟುಹೋದದ್ದರಿಂದಲೇ ಎಲ್ಲ ನಡೆಯುತ್ತದೆ, ಆಮೇಲೆ ಸ್ವಂತ ಜೀನ್ ಏಳಬೇಕು ಎಂದರೆ ಮಕ್ಕಳ ತಲೆಗೆ ಹೋಗಲಿಲ್ಲ.

“ಅವ್ವ ಕಟ್ಟಿದ ಬುತ್ತಿ ರೀ ಅದು,” ಅಂದಳು ಅಕ್ಕ, ಗೋಲಿ ಒರೆಸುತ್ತ. “ತೀರಿದ ಮ್ಯಾಲ ತಾವಾ ಒಲಿ ಹಚ್ಚಬೇಕು.”

ಇನ್‌ಸ್ಪೆಕ್ಷನ್ನಿಗೆ ಬರುವವರಿಗೆ ಈ ಭ್ರೂಣಗಳನ್ನು ತೋರಿಸಿದರೆ ದಿನಗೂಲಿಯ ಅಕ್ಕನನ್ನು ಲ್ಯಾಬಿನಲ್ಲೇ ಕಾಯಂ ಮಾಡುವುದಾಗಿ ಪ್ರಿನ್ಸಿಪಾಲರು ಹೇಳಿದ್ದರು. ಆ ಬೆಳಿಗ್ಗೆ ಕೋಶಗಳು ಮುತ್ತು ಜೋಡಿಸಿದಂತೆ ಒಡೆಯುತ್ತಿದ್ದವು. ಸೋ ಬ್ಯೂಟಿಫುಲ್! ಭ್ರೂಣಗಳಿದ್ದ ತಟ್ಟೆಯನ್ನು ಮೈಕ್ರೋಸ್ಕೋಪಿನ ಲ್ಯಾಂಪಿನ ಕೆಳಗಿಂದ ತೆಗೆಯಲು ನನಗೆ ಮನಸ್ಸೇ ಬರಲಿಲ್ಲ. ಸಕ್ಸೆಸ್ ಎಂದು ಪ್ರಿನ್ಸಿಪಾಲರಿಗೆ ಫೋನ್ ಮಾಡಿದೆ.

“ಈಗೇ ಹೇಳಬ್ಯಾಡ್ರಿ ಮೇಡಂ. ಇನ್ನಾ ಬುತ್ತಿ ಉಣ್ಣಾಕತ್ತಾವ,” ಅಂದಳು ಅಕ್ಕ. ನಾನು ನಕ್ಕೆ.

ಹನ್ನೊಂದರ ಸುಮಾರಿಗೆ ಬಂದವರು ಬಗ್ಗಿ ನೋಡಿದಾಗ ಭ್ರೂಣಗಳೆಲ್ಲ ಬೆಳವಣಿಗೆ ನಿಂತು ಬೆಳ್ಳಗಾಗಿದ್ದವು. ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನೀರು ಬದಲಾಗಿರಬೇಕು ಅಂದುಬಿಟ್ಟೆ. ನೀರು ಹಾಕುವವಳು ಅಕ್ಕ. ಮರುವಾರ ಆಕೆಯನ್ನು ಹಾಸ್ಟೆಲಿನ ಕಸ ಗುಡಿಸಲು ಹಾಕಿದರು.

ನೀರೋ, ಲ್ಯಾಂಪಿನ ಕಾವೋ? ಜೀನ್‌ಗಳು ಏಳಲೇ ಇಲ್ಲವೋ, ಎದ್ದು ಸತ್ತವೋ? ಆನೆಸ್ಟ್ಲಿ, ಐ ಡೋಂಟ್ ನೋ. ತಪ್ಪಿದ್ದರೆ ಒಪ್ಪಿಕೋ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ನನಗೂ ಒಂದು ಬುತ್ತಿ ಕಟ್ಟಿದ್ದರಲ್ಲ, ಅದು ಯಾವಾಗ ತೀರಿತೋ.

ಅಕ್ಕನನ್ನು ಕಡೆಯ ಸಲ ಕಂಡದ್ದು ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ, ನಾನು ರಿಟೈರ್ ಆದಮೇಲೆ. ಕೇಳದೆಯೇ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ಕೈಗಿಟ್ಟಳು.

“ತೊಟ್ಟ್ಯಾಗಿನ ಗೋಟಿ ಈಗ ಯಾರು ತೊಳಿತಾರ್ರಿ?”

ಗೊತ್ತಿಲ್ಲ ಅಂದೆ. ಲ್ಯಾಂಪಿನ ಮಾತು ಹೇಳಿಬಿಡೋಣವೆಂದು ರೊಟ್ಟಿ ನುಂಗುವಷ್ಟರಲ್ಲಿ ಚಿಟಗುಪ್ಪದ ಬಸ್ಸು ಬಂತು. ಅಕ್ಕ ಹತ್ತಿ ಕೂತು, ಕಿಟಕಿಯಿಂದ ಬಗ್ಗಿ ಅಂದಳು:

“ಭಾಳ ಹೊತ್ತು ಬಿಸಲಾಗ ನಿಂದ್ರಬ್ಯಾಡ್ರಿ ಮೇಡಂ. ಕಾವು ತಡ್ಯಾಂಗಿಲ್ಲ.”