ಹುಣಸೆ ಮರದ ಕೆಳಗಿನ ಅಜಾನ್

ದಸ್ತಗೀರ್ ಮಾಮ, ಅವತ್ತು ನಿಮ್ಮನ್ನು ಕಟ್ಟಿಹಾಕಿದ್ದು ಕಾನೂನಲ್ಲ, ನಾನು. ಇಷ್ಟು ವರ್ಷ ಈ ಮಾತು ನಿಮಗೆ ಹೇಳಿಲ್ಲ— ನೀವು ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಹೇಳಿಬಿಡಬೇಕು ಅಂದುಕೊಂಡು, ಇನ್ನೊಂದು ಮುದ್ದೆ ಬಡಿಸಿದ್ದೇನೆ, ಅಷ್ಟೇ.

ಕಳ್ಳಂಬೆಳ್ಳದ ನಮ್ಮ ಹೊಲದ ಬದುವಿನ ಹುಣಸೆ ಮರಗಳನ್ನು ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನೀವೇ ಗುತ್ತಿಗೆ ಹಿಡಿಯುತ್ತಿದ್ದಿರಿ. ಹೂ ಕಟ್ಟಿದಾಗ ಶಿರಾದಿಂದ ಬಂದು, ತಲೆ ಎತ್ತಿ ಮರ ಸುತ್ತಿ ನೋಡಿ, ಟವೆಲಿನೊಳಗೆ ಅಪ್ಪನ ಕೈ ಹಿಡಿದು ಬೆರಳಲ್ಲೇ ಬೆಲೆ ಹೇಳಿ ವ್ಯಾಪಾರ ಮುಗಿಸುತ್ತಿದ್ದಿರಿ. ಹಣ್ಣಾದ ಮೇಲೆ ಗಳದಿಂದ ಬಡಿದು ಉದುರಿಸಿಕೊಂಡು ಹೋಗುವುದು ನಿಮ್ಮ ಪಾಡು. ಅಪ್ಪ ಹೋದ ಮೇಲೆ ಆ ಕೈ ನನ್ನದಾಗಬೇಕಿತ್ತು. ನಾನೋ ಹೊಸದಾಗಿ ಕರಿಕೋಟು ಹಾಕಿದ ವಕೀಲ— ಟವೆಲು ಪಕ್ಕಕ್ಕಿಟ್ಟು ಸ್ಟಾಂಪ್ ಪೇಪರಿನ ಮೇಲೆ ಕರಾರು ಬರೆದೆ. ನಾನು ಬರೆದ ಮೊದಲ ಕರಾರು.

"ನಿಮ್ಮಪ್ಪನ ಬೆರಳಿಗಿಂತ ಇದು ಗಟ್ಟಿನಾ ಬೇಟಾ?" ಎಂದು ನಗುತ್ತಲೇ ಸಹಿ ಹಾಕಿದಿರಿ.

ಹಣ್ಣು ಮಾಗುವ ಹೊತ್ತಿಗೆ ಎಲ್ಲ ತಿರುವುಮುರುವಾಯಿತು. ಪಾವಗಡದಲ್ಲಿದ್ದ ನಿಮ್ಮ ಮಗಳು ಫರೀದಾ ತಿಂಗಳು ತುಂಬುವ ಮೊದಲೇ ಆಸ್ಪತ್ರೆ ಸೇರಿದಳು, ಅಳಿಯ ದುಬೈಯಲ್ಲಿ. ಮರ ಹತ್ತುವ ನಿಮ್ಮ ಆಳುಗಳೆಲ್ಲ ಸೋಲಾರ್ ಕೆಲಸಕ್ಕೆ ಹೋಗಿದ್ದರು, ನೀವೇ ನಿಂತು ಬಡಿಯದಿದ್ದರೆ ಹಣ್ಣು ಇಳಿಯುವಂತಿರಲಿಲ್ಲ. ಶಿರಾದ ನನ್ನ ಆಫೀಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಿರಿ.

"ಹಿಂಗಾಗ್ತದೆ ಅಂತ ಯಾರಿಗ್ ಗೊತ್ತಿತ್ತು ಬೇಟಾ? ಮೊದಲ್ನೇ ಮೊಮ್ಮಗು. ಹುಟ್ಟಿದ್ ಕೂಡ್ಲೇ ಕಿವಿಗೆ ಅಜಾನ್ ನಾನೇ ಹೇಳ್ಬೇಕು ಅಂತ ಆಸೆ. ಈ ಸಲ ಮರ ಬೇರೇರಿಗೆ ಕೊಟ್ಬುಡು. ಕಾನೂನು ಬುಡ್ತದಾ?"

"ಗಾಳಿಗೆ ಮರ ಉರುಳಿದ್ರೆ ಕರಾರೂ ಉರುಳ್ತಿತ್ತು ಮಾಮ. ಮರ ನಿಂತವೆ. ಕಷ್ಟ ಆಯ್ತು ಅಂದ್ರೆ ಕಾನೂನು ಬುಡಲ್ಲ."

"ಹಂಗಾದ್ರೆ ಸರಿ. ಮಾತು ಅಂದ್ರೆ ಮಾತೇ," ಅಂದು ಎದ್ದು ಹೋದಿರಿ.

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ— ಅದೇ ಸಂಕಟ. ಯಾರೂ ಎಣಿಸದ್ದು ನಡೆದು ಕೆಲಸ ಅಸಾಧ್ಯವೇ ಆಗಿಹೋದರೆ ಕರಾರು ತಾನಾಗಿ ಸಾಯುತ್ತದೆ. ಬರೀ ಕಷ್ಟವಾದರೆ ಸಾಯುವುದಿಲ್ಲ. ನಿಜ. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ: ಕೆಲಸ ಯಾರಿಗೆ ಆಗಬೇಕೋ ಅವನು 'ಹೋಗಲಿ ಬಿಡಿ' ಅಂದರೆ ಮುಗಿಯಿತು, ಯಾವ ಕೋರ್ಟೂ ಬೇಡ. ಆ ಅವನು ನಾನೇ— ಅದನ್ನು ಮಾತ್ರ ನುಂಗಿಕೊಂಡೆ. ನನ್ನ ಮೊದಲ ಕರಾರು ಮುರಿಯಬಾರದಿತ್ತು, ಅಷ್ಟೇ. ಎಂಥ ಪುಟಗೋಸಿ ಹೆಮ್ಮೆ. ಅಪ್ಪನಾಗಿದ್ದರೆ ಟವೆಲು ಹೆಗಲಿಗೆ ಹಾಕಿಕೊಂಡು ನಿಮ್ಮನ್ನು ತಾನೇ ಪಾವಗಡದ ಬಸ್ಸು ಹತ್ತಿಸಿ ಬರುತ್ತಿದ್ದ.

ನೀವು ಮರ ಬಡಿಯುತ್ತಿದ್ದಾಗಲೇ ಫೋನ್ ಬಂತು. ಹೆಣ್ಣು ಮಗು. ಆಸ್ಪತ್ರೆಯಲ್ಲಿದ್ದ ಯಾರೋ ಹಿರಿಯರು ಅಜಾನ್ ಹೇಳಿ ಆಗಿತ್ತು. ನೀವು ಗಳ ಕೆಳಗಿಟ್ಟು, ಕೈಕಾಲು ಮುಖ ತೊಳೆದು, ಮರದ ಕೆಳಗೆ ನಿಂತು ಫೋನಿನಲ್ಲೇ ಮೆಲ್ಲಗೆ ನೀವೂ ಹೇಳತೊಡಗಿದಿರಿ. ನಡುವೆ ಸಿಗ್ನಲ್ ಹೋಯಿತು. ಗೊತ್ತಾದರೂ ನೀವು ನಿಲ್ಲಿಸಲಿಲ್ಲ— ಕೊನೆಯವರೆಗೂ ಹೇಳಿದಿರಿ. ನಾನು ಬದುವಿನ ಮೇಲೆ ನಿಂತಿದ್ದೆ, ಮಾಮ. ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ನೀವು ಬೈದಿದ್ದರೆ ಹಗುರವಾಗುತ್ತಿತ್ತೇನೋ. ಬದಲಿಗೆ ಹುಣಸೆ ಮಂಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದಿರಿ— "ನಮ್ ಹುಡ್ಗ ನ್ಯಾಯವಂತ ಕಣ್ರಯ್ಯಾ, ಮಾಮ ಅಂತ ಕರೆಯೋ ನಂಗೂ ಕಾನೂನು ಬುಡ್ನಿಲ್ಲ." ಆ ಹೊಗಳಿಕೆ ಕೇಳಿ ನನ್ನ ಬಳಿ ಕಕ್ಷಿದಾರರು ಬಂದರು. ನಾನು ಅದನ್ನೂ ಬೇಡ ಅನ್ನಲಿಲ್ಲ. ನಿಮ್ಮ ಮೇಲೆ ನನಗಿರುವ ಪ್ರೀತಿ ಸುಳ್ಳಲ್ಲ. ಆದರೆ ಬೇಕಾದ ದಿನ ಅದು ಬಾಯಿಬಿಡಲಿಲ್ಲ.

ಮರಗಳು ಮತ್ತೆ ಹೂ ಕಟ್ಟಿವೆ. ಮೊಮ್ಮಗಳನ್ನೂ ಕರಕೊಂಡು ನಾಳೆ ಬರುತ್ತೇನೆ ಅಂದಿದ್ದೀರಿ. ಈ ಸಲ ಸ್ಟಾಂಪ್ ಪೇಪರ್ ತರಿಸಿಲ್ಲ. ಅಪ್ಪನ ಟವೆಲು ಒಗೆದಿಟ್ಟಿದ್ದೇನೆ. ಮೊದಲು ಇದಿಷ್ಟನ್ನೂ ನಿಮ್ಮ ಮುಂದೆ ಕೂತು ಹೇಳುತ್ತೇನೆ. ಆಮೇಲೆ ಟವೆಲಿನೊಳಗೆ ನನ್ನ ಕೈ ಚಾಚಿಕೊಂಡೇ ಇರುತ್ತೇನೆ— ಹಿಡಿಯುವುದು, ಬಿಡುವುದು ನಿಮ್ಮಿಷ್ಟ ಮಾಮ.