ಖಾರದಮ್ಮನ ಸಪ್ಪೆ ಮಾಂಸ

ವರ್ಷಗಟ್ಟಲೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಪ್ಪು ಖಾರ ಕಾಣದ ಅಡುಗೆ ಮಾಡಿದ ಹೆಂಗಸಿಗೆ ಖಾರದಮ್ಮ ಎಂದು ಹೆಸರು ಬಿದ್ದಿತ್ತೆಂದರೆ, ಆ ಖಾರ ಎಲ್ಲಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕೋಪ ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು. ತರಕಾರಿಯವನು ಬಾಡಿದ ಸೊಪ್ಪು ತಂದರೆ ಕೋಪ, ತಾಜಾ ಸೊಪ್ಪನ್ನು ತಡವಾಗಿ ತಂದರೆ ಕೋಪ, ಹೊತ್ತಿಗೆ ಸರಿಯಾಗಿ ತಾಜಾ ಸೊಪ್ಪೇ ತಂದರೆ ಇಷ್ಟು ದಿನ ಯಾಕೆ ಹೀಗೆ ತರಲಿಲ್ಲ ಎಂದು ಕೋಪ. ಎದುರಿನವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಇವಳ ಉತ್ತರ ಮುಗಿದು, ಇವಳು ಬಾಗಿಲು ದಾಟಿರುತ್ತಿದ್ದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ.

ಕೆಲಸದಲ್ಲಿ ಮಾತ್ರ ಯಾರೂ ಅವಳತ್ತ ಬೆರಳು ತೋರಿಸುವಂತಿರಲಿಲ್ಲ. ರೋಗಿಗಳ ಕೋಳಿಮಾಂಸಕ್ಕೆ ಅವಳದೇ ಒಂದು ಕ್ರಮ. ಚರ್ಮ ಸುಲಿದು, ಕೊಬ್ಬು ಕೆರೆದು, ಗುಂಡಿಗೆ, ಲಿವರ್ ಎಲ್ಲ ಆಚೆಗೆ ಹಾಕಿ, ಬರೀ ಎದೆಯ ಮಾಂಸ ಉಳಿಸಿಕೊಳ್ಳುವುದು. ಒಮ್ಮೆ ಕುದಿಸಿ ಆ ನೀರನ್ನು ಚೆಲ್ಲುವುದು, ಹೊಸ ನೀರಲ್ಲಿ ಮತ್ತೊಮ್ಮೆ ಬೇಯಿಸಿ ಅದನ್ನೂ ಬಸಿದುಬಿಡುವುದು. ಆಪರೇಷನ್ ಆದ ಹೊಟ್ಟೆ ಜಿಡ್ಡು ತಡೆಯಲ್ಲ ಅನ್ನುವುದು ಅವಳ ವಾದ. ಹತ್ತಿಯ ಹಾಗೆ ಬೆಳ್ಳಗಾದ ಆ ಮಾಂಸ ತಿಂದು ಎಷ್ಟೋ ಜನ ಎದ್ದು ಮನೆಗೆ ಹೋಗಿದ್ದರು. ಅದನ್ನು ತಿನ್ನಲಾರದೆ ಬೇಗ ವಾಸಿಯಾದರು ಎಂದು ವಾರ್ಡಿನವರು ನಗುತ್ತಿದ್ದರು, ಅವಳ ಕಿವಿಗೆ ಬೀಳದ ಹಾಗೆ.

ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಗಂಡ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಬಾಯಲ್ಲಿ ಯಾವಾಗಲೂ ಒಂದು ಸ್ಕ್ರೂ ಕಚ್ಚಿಕೊಂಡಿರುತ್ತಿದ್ದುದರಿಂದ ಮಾತು ಕಡಿಮೆಯೋ, ಮಾತಿಗೆ ಜಾಗವಿಲ್ಲದ್ದರಿಂದ ಸ್ಕ್ರೂ ಕಚ್ಚಿಕೊಂಡನೋ, ಹೇಳುವುದು ಕಷ್ಟ. ಮೂರನೆಯದು ಡುಮ್ಮ ಎಂಬ ಗಂಡು ಬೆಕ್ಕು. ಖಾರದಮ್ಮನಿಂದ ಒಂದು ದಿನವೂ ಬೈಸಿಕೊಳ್ಳದ ಪ್ರಾಣಿ ಭೂಮಿಯ ಮೇಲೆ ಅದೊಂದೇ.

ಆ ಡುಮ್ಮನಿಗೆ ಒಂದು ಬೆಳಿಗ್ಗೆ ಮೂತ್ರ ಕಟ್ಟಿತು. ಮರಳಿನ ತಟ್ಟೆಯಲ್ಲಿ ಕೂತು ಅದು ಕೂಗಿದ ಕೂಗಿಗೆ ಖಾರದಮ್ಮನ ಕರುಳು ಕಿತ್ತುಬಂತು. ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು, ಅದು ತಿನ್ನುತ್ತಿದ್ದ ಅಂಗಡಿ ತಿಂಡಿಯ ಪ್ಯಾಕೆಟ್ಟನ್ನೂ ಹಿಡಿದುಕೊಂಡು ಇಬ್ಬರೂ ಪಶುವೈದ್ಯೆಯ ಹತ್ತಿರ ಓಡಿದರು. ಡಾಕ್ಟರಮ್ಮ ಸಣ್ಣ ಕೊಳವೆ ಹಾಕಿ ಮೂತ್ರ ಬಿಡಿಸಿದಳು. ಆಮೇಲೆ ಕೈ ತೊಳೆಯುತ್ತ ಹೇಳಿದಳು: "ಇನ್ನು ಈ ಪ್ಯಾಕೆಟ್ಟಿನ ಒಣ ಕಾಳು ನಿಲ್ಲಿಸಿ. ಹೊಟ್ಟೆಗೆ ನೀರು ಸಾಲದೆ ಹರಳು ಕಟ್ಟಿದೆ. ನಿಧಾನಕ್ಕೆ ಮನೇಲೇ ಬೇಯಿಸಿದ ಮಾಂಸ ರೂಢಿ ಮಾಡಿಸಿ. ಆದರೆ..."

"ಆದರೆ ಏನಮ್ಮಾ? ಮಾಂಸ ಬೇಯಿಸೋದು ನಂಗೆ ಹೇಳ್ಕೊಡ್ತೀಯಾ? ನೀನು ತೊಟ್ಟಿಲಲ್ಲಿದ್ದಾಗಿಂದ ಬೇಯಿಸ್ತಿದೀನಿ!" ಎಂದವಳೇ ಖಾರದಮ್ಮ ಹೊರಟೇಬಿಟ್ಟಳು. ಕಾಳು ಮಾರಿದ ಅಂಗಡಿಯವನ ಗ್ರಹಚಾರ ಬಿಡಿಸುವ ಅವಸರ ಅವಳಿಗೆ. ಗಂಡ ಬುಟ್ಟಿಯ ಮುಚ್ಚಳ ಬಿಗಿಯುತ್ತ ಅಲ್ಲೇ ಉಳಿದ. ಇವಳು ಅತ್ತ ಅಂಗಡಿಯ ಹೊಸ್ತಿಲ ಮೇಲೆ ಪ್ಯಾಕೆಟ್ಟು ಸುರಿದು, "ನೀನೇ ತಿನ್ನು, ನಿಂಗೂ ಕಟ್ಕೊಳ್ಳಲಿ" ಎಂದು ಬೀದಿಗೆಲ್ಲ ಕೇಳುವಂತೆ ಶಾಪ ಹಾಕಿ ಬಂದಳು.

ಆಸ್ಪತ್ರೆಯ ಕ್ರಮದಲ್ಲೇ ಅವಳು ಬೇಯಿಸಿದ ಮಾಂಸವನ್ನು ಡುಮ್ಮ ಮೊದಲು ಮೂಸಿಯೂ ನೋಡಲಿಲ್ಲ. ತಟ್ಟೆಯ ಸುತ್ತ ನೆಲ ಕೆರೆದು, ಮುಚ್ಚಿಹಾಕಬೇಕಾದ ಗಲೀಜು ಇದು ಎಂದು ತೋರಿಸಿ ಹೋಯಿತು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ತಟ್ಟೆ ತಲೆಯ ಮೇಲಿರುತ್ತಿತ್ತು. ಇಲ್ಲಿ ಮಾತ್ರ ಅವಳು ಸೋತು, ಮನೆಯ ಡಬ್ಬಿಯಲ್ಲಿ ಉಳಿದಿದ್ದ ಹಳೆಯ ಕಾಳನ್ನು ಪುಡಿ ಮಾಡಿ ಬೆರೆಸಿ, ದಿನದಿನಕ್ಕೆ ಪುಡಿ ಕಡಿಮೆ ಮಾಡುತ್ತ ದಾರಿಗೆ ತಂದಳು. ಆಮೇಲೆ ನೋಡಬೇಕಿತ್ತು. ಹೊಟ್ಟೆ ಇಳಿಯಿತು, ಕೂದಲು ಮಿರಮಿರ ಮಿಂಚಿತು, ಮೂತ್ರ ಸಲೀಸಾಯಿತು. ಖಾರದಮ್ಮ ಆಸ್ಪತ್ರೆಯಲ್ಲೆಲ್ಲ ಕೊಚ್ಚಿಕೊಂಡಳು: "ನನ್ನ ಕೈಯಡುಗೆಗೆ ಡಾಕ್ಟರು ಬೇರೆ ಬೇಕೇನ್ರೀ?"

ಒಂದು ದಿನ ಕೆಲಸ ಬೇಗ ಮುಗಿದು ಮನೆಗೆ ಬಂದರೆ, ಗಂಡ ಅಡುಗೆಮನೆಯ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾನೆ! ಅವಳು ಬಿಸಾಡಿದ್ದ ಕೋಳಿ ಗುಂಡಿಗೆಗಳನ್ನು ಸಣ್ಣಗೆ ಹೆಚ್ಚಿ, ಅವಳು ಚೆಲ್ಲಲು ಬಸಿದಿಟ್ಟಿದ್ದ ನೀರಲ್ಲಿ ಬೇಯಿಸಿ, ಚಿಕ್ಕ ಡಬ್ಬಿಯಿಂದ ಏನೋ ಪುಡಿ ಉದುರಿಸಿ, ಡುಮ್ಮನ ತಟ್ಟೆಗೆ ಕಲಸುತ್ತಿದ್ದಾನೆ. ಡುಮ್ಮ ಬಾಲವೆತ್ತಿಕೊಂಡು ಅವನ ಮೊಣಕಾಲಿಗೆ ಉಜ್ಜುತ್ತಿದೆ.

"ಓಹೋಹೋ! ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡ್ರಾ? ಎಷ್ಟು ದಿನದಿಂದ ನಡೀತಿದೆ ಈ ಕಳ್ಳಾಟ? ಮತ್ತೆ ಕಾಯಿಲೆ ಬೀಳ್ಬೇಕಾ ಅದಕ್ಕೆ?"

"ಅಲ್ಲ ಕಣೆ, ಅವತ್ತು ನೀನು ಹೋದ್ಮೇಲೆ ಡಾಕ್ಟರಮ್ಮ ಹೇಳಿದ್ರು, ಗುಂಡಿಗೆ..."

ಅಷ್ಟರಲ್ಲಿ ಅವಳು ನಲ್ಲಿ ಬಿಟ್ಟಾಗಿತ್ತು. ತಟ್ಟೆ ತಿಕ್ಕುವ ಗರಗರ ಸದ್ದಿನಲ್ಲಿ 'ಗುಂಡಿಗೆ'ಯಿಂದಾಚೆಗಿನ ಮಾತು ಮುಳುಗಿಹೋಯಿತು. ಪುಡಿಯ ಡಬ್ಬಿ ಕಸಕ್ಕೆ ಬಿತ್ತು. ಅಂದಿನಿಂದ ಡುಮ್ಮನ ಊಟ ಅವಳ ಕೈಯಿಂದಲೇ. ಗುಂಡಿಗೆಗಳನ್ನು ಗಂಡನಿಗೆ ಸಿಗದ ಹಾಗೆ ಕಟ್ಟಿಕೊಂಡು ಹೋಗಿ ಆಸ್ಪತ್ರೆಯ ಕಸದ ತೊಟ್ಟಿಗೆ ಹಾಕುವಷ್ಟು ಹಟ. ಇನ್ನೊಮ್ಮೆ ಅವನು ಬಾಯಿ ತೆರೆದ. "ನಿಮ್ಮ ಸೂಜಿ ದಾರ ನೋಡ್ಕೊಳ್ರೀ" ಎಂದಳು. ಅವನು ಮತ್ತೆ ಸ್ಕ್ರೂ ಕಚ್ಚಿಕೊಂಡ. ಇಲ್ಲಿ ಕತೆ ಹೇಳುವವರಿಗೂ ಸಿಟ್ಟು ಬರುತ್ತದೆ, ಅವಳ ಮೇಲೆ ಎಷ್ಟೋ ಅಷ್ಟೇ ಅವನ ಮೇಲೂ.

ವರ್ಷ ಉರುಳಿತು. ಡುಮ್ಮ ಕಿಟಕಿಗೆ ಹಾರಿದ್ದು ಗುರಿ ತಪ್ಪಿ ಗೋಡೆಗೆ ಬಡಿದುಕೊಂಡು ಬಿತ್ತು. ಬಲ್ಬಿನ ಬೆಳಕು ಮಂಕು ಎಂದು ಖಾರದಮ್ಮ ಬಲ್ಬಿನವನಿಗೆ ಬೈದಳು. ಸ್ಟೂಲಿಗೆ ಡಿಕ್ಕಿ ಹೊಡೆದಾಗ ಸ್ಟೂಲು ಸರಿಸಿದ ಗಂಡನಿಗೆ ಬೈದಳು. ಆದರೆ ನಡು ಮಧ್ಯಾಹ್ನದ ಬಿಸಿಲಲ್ಲೂ ಅದರ ಕಣ್ಣುಪಾಪೆ ಅಗಲವಾಗಿ, ಕಪ್ಪಗೆ, ಎತ್ತಲೋ ನೋಡುತ್ತಿತ್ತು. ಬೈಯಲು ಯಾರೂ ಉಳಿಯದೆ ಅವಳು ಒಬ್ಬಳೇ ಬುಟ್ಟಿ ಎತ್ತಿಕೊಂಡು ಹೋದಳು.

ಡಾಕ್ಟರಮ್ಮ ಟಾರ್ಚು ಬಿಟ್ಟು ಬಹಳ ಹೊತ್ತು ಕಣ್ಣೊಳಗೆ ನೋಡಿದಳು. "ಗುಂಡಿಗೆ, ಬೇಯಿಸಿದ ನೀರು, ನಾನು ಕೊಟ್ಟ ಪುಡಿ, ಎಲ್ಲ ಹಾಕ್ತಿದೀರಿ ತಾನೆ?"

ಖಾರದಮ್ಮ ಡುಮ್ಮನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಿಮ್ಮೆಜಮಾನ್ರಿಗೆ ಅವತ್ತೇ ಹೇಳಿದ್ನಲ್ಲಮ್ಮ? ಬೆಕ್ಕಿನ ಕಣ್ಣಿಗೆ, ಎದೆಗೆ ಬೇಕಾದ ಸತ್ವ ಗುಂಡಿಗೇಲೇ ಜಾಸ್ತಿ ಇರೋದು. ಬೇರೆ ಮಾಂಸದಲ್ಲಿ ಇರೋ ಚೂರುಪಾರೂ ಬೇಯಿಸಿದ ನೀರಿಗೆ ಇಳಿದುಬಿಡುತ್ತೆ. ಅದನ್ನ ಚೆಲ್ಲಿದ್ರೆ ಉಳಿಯೋದೇನು? ಎದೆಗೆ ಇನ್ನೂ ಪೆಟ್ಟು ಬಿದ್ದಿಲ್ಲ, ಉಳಿಸ್ಕೋಬಹುದು. ಹೋದ ಕಣ್ಣು ಬರಲ್ಲ."

ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತಿಯಲ್ಲಿ ಬಂದೀತೇ? ದಾರಿಯುದ್ದಕ್ಕೂ ಬುಟ್ಟಿ ಹಿಡಿದ ತನ್ನ ಕೈಗಳನ್ನು ಕಂಡರೆ ಅವಳಿಗೆ ಅಸಹ್ಯವಾಗುತ್ತಿತ್ತು. ಆ ಅಸಹ್ಯ ಹೊರಲಾರದೆ, ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಅದನ್ನು ಗಂಡನ ತಲೆಗೆ ಕಟ್ಟುವ ದಾರಿ ಹುಡುಕಿಕೊಂಡಿದ್ದಳು.

"ನಿಮಗೆಲ್ಲ ಗೊತ್ತಿತ್ತು! ಬಾಯಲ್ಲೇನು ಕಡುಬು ತುರುಕ್ಕೊಂಡಿದ್ರಾ? ಕೈ ಹಿಡಿದು ನಿಲ್ಲಿಸಿ ಹೇಳೋಕಾಗ್ತಿರಲಿಲ್ವಾ? ಅದರ ಕಣ್ಣು ಹೋಯ್ತು! ನಿಮ್ಮಿಂದ ಹೋಯ್ತು! ನೀವು..."

ಗಂಡ ಬಾಯಿಂದ ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟ. ಎದ್ದು ಬಂದು ಬುಟ್ಟಿಯ ಮುಚ್ಚಳ ತೆರೆದು, ಡುಮ್ಮನನ್ನು ಎತ್ತಿ, ಅದರ ಕಣ್ಣ ಮುಂದೆ ಕೈಯಾಡಿಸಿದ. ರೆಪ್ಪೆ ಬಡಿಯಲಿಲ್ಲ. ಅವನ ಮುಖ ಕೆಂಪಾಯಿತು. ಅವಳು ಆಗಲೇ ಅಡುಗೆಮನೆಯತ್ತ ತಿರುಗಿದ್ದಳು.

"ಕೂತ್ಕೋ!"

ಮನೆಯ ಗೋಡೆಗಳೇ ಕೇಳಿರದ ಧ್ವನಿ ಅದು. ಖಾರದಮ್ಮ ನಿಂತಳು.

"ಮಾತು ಮುಗಿಯೋ ತನಕ ಎದ್ದೇಳಬೇಡ. ನಾನು ಹೇಳಿದ್ದೆ. ಎರಡು ಸಲ ಹೇಳಿದ್ದೆ. ಒಂದು ಸಲ ನೀನು ನಲ್ಲಿ ಬಿಟ್ಟೆ, ಇನ್ನೊಂದು ಸಲ ನಂಗೆ ಸೂಜಿ ತೋರಿಸ್ದೆ. ನಾನು ಹೆದರಿ ಸುಮ್ಮನಾದೆ, ಅದು ನನ್ನ ತಪ್ಪು. ಈಗ ಕೂತ್ಕೋ."

ಅವಳು ಸ್ಟೂಲು ಎಳೆದುಕೊಂಡು ಕೂತಳು. ಅವನು ಬೆಕ್ಕನ್ನು ಅವಳ ಮಡಿಲಿಗೆ ಹಾಕಿ ಎದುರಿಗೆ ಕೂತು, ಮದುವೆಯಾದಾಗಿನಿಂದ ನುಂಗಿದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿದ. ಮುಗಿಯಲು ಬಹಳ ಹೊತ್ತು ಹಿಡಿಯಿತು. ಅದರಲ್ಲಿ ಬೆಕ್ಕಿನ ಮಾತು ಇದ್ದದ್ದು ಸ್ವಲ್ಪವೇ.